ಗುರವ್ವತ್ತೆಯ ಕೆಂಪೆಳೆ ಹಗ್ಗ

ನಮ್ಮ ಗುರವ್ವತ್ತೆಯನ್ನು ಯಾರಾದರೂ ಹೊಗಳಿದರೆ ನನಗೆ ಹಿಗ್ಗೂ ಆಗುತ್ತದೆ, ಮೈಯೂ ಉರಿಯುತ್ತದೆ. ನಾನು ಮೊದಲಿನಿಂದಲೂ ಸಿಟ್ಟಿನವಳು, ಅದನ್ನು ಮುಚ್ಚಿಡುವುದೇಕೆ? ಆದರೆ ಈ ಸಿಟ್ಟು ಮಾತ್ರ ಅವಳೇ ಕೊಟ್ಟದ್ದು. ಹೇಗೆ ಕೊಟ್ಟಳು ಎಂಬುದನ್ನು ಹೇಳಬೇಕಾದರೆ ಅವಳ ಹಗ್ಗದಿಂದಲೇ ಶುರುಮಾಡಬೇಕು.

ಅವಳು ನನ್ನ ಅಪ್ಪನ ಒಬ್ಬಳೇ ತಂಗಿ. ತವರು ಬೈಲಹೊಂಗಲ, ಕೊಟ್ಟದ್ದು ನೇಸರಗಿಗೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಕನ್ನಡ ಓದುತ್ತಾಳೆ, ಇಂಗ್ಲಿಷ್ ಬಾರದು. ಗಂಡ ಮಡಿವಾಳೆಪ್ಪ ಮಾವ ಮಾತು ಕಡಿಮೆಯ ಮನುಷ್ಯ. ಐದೆಕರೆ ಹೊಲ, ಎರಡು ಎತ್ತು, ಒಂದು ಎಮ್ಮೆ. ಅಂಥ ಮನೆಯಲ್ಲಿ ತೊಂಬತ್ಮೂರನೆಯ ಇಸವಿಯಲ್ಲಿ ಒಂದು ದಿನ ಎತ್ತು ಕಣ್ಣಿ ಬಿಚ್ಚಿಕೊಂಡು ಹೋಗಿ ಮಗ್ಗುಲ ಹೊಲದ ಗೋವಿನಜೋಳ ಮೇಯ್ದಿತು. ಆಗಿನ್ನೂ ಪ್ಲಾಸ್ಟಿಕ್ ಹಗ್ಗ ಹೊಸದು. ಪುಂಡಿನಾರಿನ ಹಗ್ಗ ಬಿಟ್ಟು ಎಲ್ಲರೂ ಅದಕ್ಕೇ ಮುಗಿಬಿದ್ದಿದ್ದರು, ಅದರ ಗಂಟು ಮಾತ್ರ ನಿಲ್ಲುತ್ತಿರಲಿಲ್ಲ. ಹೊಲದವನು ಬಂದು ಬಾಯಿಗೆ ಬಂದಂತೆ ಬೈದು ಹೋದ. ಅತ್ತೆ ಆ ಹಗ್ಗವನ್ನು ಹಿಡಿದು ಕಟ್ಟೆಯ ಮೇಲೆ ಕುಳಿತು ಎಳೆ ಎಳೆಯಾಗಿ ಬಿಚ್ಚಿದಳು.

"ಸಡಲ ಹೊಸದಾನ ಭಾಡ್ಯಾ" ಎಂದಳಂತೆ. "ಇದನ್ನ ನಾ ಹೊಸದರ ಆನಿ ಕಟ್ಟಬೇಕ, ಹಂಗ ಹೊಸೀತೇನಿ."

ಹೊಸೆದೇ ಬಿಟ್ಟಳು. ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ನೂಲು ತರಿಸಿದಳು. ಮಾವ ಕೈಯಿಂದ ತಿರುಗಿಸುವ ಒಂದು ರಾಟೆ ಮಾಡಿಸಿಕೊಟ್ಟ. ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಬಿಗಿಯಾಗಿ ತಿರುವಿ, ಆಮೇಲೆ ಮೂರನ್ನೂ ಕೂಡಿಸಿ ಅದರ ವಿರುದ್ಧ ದಿಕ್ಕಿಗೆ ಹೊಸೆಯುವುದು ಅವಳ ರೀತಿ. ಕೈ ಕಿತ್ತು ರಕ್ತ ಬರುತ್ತಿತ್ತು. ಊರವರು ಸುಮ್ಮನಿರುತ್ತಾರೆಯೇ? ಒಕ್ಕಲುತನದ ಮನೆಯ ಸೊಸೆ ಸಂತೆಯಲ್ಲಿ ಹಗ್ಗ ಹರವಿಕೊಂಡು ಕುಂತಿದ್ದಾಳೆ ಎಂದು ಆಡಿಕೊಂಡರು. "ಕೊಳ್ಳಾಕ ನಾಚಿಕಿಲ್ಲಂದ್ರ ಮಾರಾಕ ಯಾಕ್ರಿ ನಾಚಿಕಿ?" ಎಂದು ಕೇಳಿ ಅವರಿಗೇ ಎರಡು ಕಣ್ಣಿ ಮಾರುತ್ತಿದ್ದಳು. ಅಂಥ ಬಾಯಿ ಅವಳದು.

ಕೆಂಪೆಳೆ ಬಂದದ್ದೂ ಹೀಗೆಯೇ, ಯಾವ ವಿಚಾರವೂ ಇಲ್ಲದೆ. ಒಂದು ಸಲ ಬಿಳಿ ನೂಲು ಸಾಲಲಿಲ್ಲ. ಮೂಲೆಯಲ್ಲಿ ಕೆಂಪು ನೂಲಿನ ಒಂದು ಉಂಡೆ ಬಿದ್ದಿತ್ತು. ಎರಡು ಎಳೆ ಬಿಳಿ, ಒಂದು ಎಳೆ ಕೆಂಪು ಹಾಕಿ ಹೊಸೆದು ಮಾರಿದಳು. ಮೂರು ತಿಂಗಳಿಗೆ ದೊಡವಾಡದ ದನದ ವ್ಯಾಪಾರಿಯೊಬ್ಬ ಹುಡುಕಿಕೊಂಡು ಬಂದ. "ಯವ್ವಾ, ಆ ಕೆಂಪ ಎಳಿದ್ದು ಐತಲ್ಲ, ಅದನ್ನ ಕೊಡು. ಅದೊಂದ ಹರಿದಿಲ್ಲ ನೋಡು." ಬಿಳಿಯದೂ ಅವಳೇ ಹೊಸೆದದ್ದು, ಅಷ್ಟೇ ಗಟ್ಟಿ. ಅವನಿಗೆ ಅದು ಗೊತ್ತಾಗುವುದು ಹೇಗೆ? ಅಂದಿನಿಂದ ಅವಳ ಪ್ರತಿ ಹಗ್ಗದಲ್ಲೂ ಒಂದು ಕೆಂಪೆಳೆ ಬಂತು. ಓದು ಬಾರದ ರೈತ ಕೂಡ ನೂರು ಹಗ್ಗದ ರಾಶಿಯಲ್ಲಿ ಅದನ್ನು ಎಳೆದು ತೆಗೆಯುತ್ತಿದ್ದ. ಎರಡು ವರ್ಷದಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ "ಕೆಂಪೆಳಿ ಹಗ್ಗ" ಎಂದರೆ ಗುರವ್ವನ ಹಗ್ಗ. ಕೈರಾಟೆ ಹೋಗಿ ಕರೆಂಟಿನ ಯಂತ್ರ ಬಂತು, ಹಿತ್ತಲಿಗೆ ತಗಡಿನ ಶೆಡ್ಡು ಬಂತು, ಕೆಲಸಕ್ಕೆ ನಾಲ್ಕು ಹೆಣ್ಣುಮಕ್ಕಳು ಬಂದರು.

ಇನ್ನು ನನ್ನ ಅಪ್ಪ. ಹೆಸರು ಮಹಾದೇವಪ್ಪ, ಬೈಲಹೊಂಗಲದಲ್ಲಿ ಬೀಜ ಗೊಬ್ಬರದ ಅಂಗಡಿ. ಅಪ್ಪನ ಕೈಗುಣ ಚೊಲೋ ಎಂದು ಸುತ್ತಲ ಹತ್ತೂರಲ್ಲಿ ಮಾತಿತ್ತು. ಬಿತ್ತಿಗೆಯ ಮೊದಲ ಹಿಡಿ ಬೀಜ ಅವನ ಕೈಯಿಂದ, ಹೊಸ ಅಂಗಡಿಯ ಮೊದಲ ಬೋಣಿಗೆ ಅವನ ಕೈಯಿಂದ, ಕೊಳವೆ ಬಾವಿಯ ಮೊದಲ ತೆಂಗಿನಕಾಯಿಯೂ ಅವನ ಕೈಯಿಂದಲೇ. ನೀರು ಬೀಳದ ಬಾವಿಗಳೂ ಇದ್ದವು, ಆದರೆ ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅತ್ತೆಯಂತೂ ಅಣ್ಣನ ಕೈ ಸೋಕದೆ ಏನನ್ನೂ ಶುರುಮಾಡುತ್ತಿರಲಿಲ್ಲ. ಮೊದಲ ಹಗ್ಗ ಕೊಂಡವನು ಅಪ್ಪ. ಯಂತ್ರದ ಗುಂಡಿ ಒತ್ತಿದವನೂ ಅಪ್ಪ. "ಅಣ್ಣಾ, ನಿನ್ನ ಕೈಲೆ ಆಗಲಿ" ಎಂಬುದು ಅವಳ ಬಾಯಲ್ಲಿ ಮಂತ್ರವಾಗಿತ್ತು.

ತೊಂಬತ್ತಾರರಲ್ಲಿ ಗೋಕಾಕದ ಕಡೆಯ ಯಾರೋ ಒಬ್ಬ ಟೊಳ್ಳು ಹಗ್ಗಕ್ಕೆ ಕೆಂಪೆಳೆ ಹಾಕಿ ಮಾರತೊಡಗಿದ. ಅತ್ತೆಗೆ ನಿದ್ದೆ ಹೋಯಿತು. ಈ ಗುರುತನ್ನು ಸರಕಾರದಲ್ಲಿ ನೋಂದಾಯಿಸಿದರೆ ಬೇರೆಯವರು ಹಾಕುವಂತಿಲ್ಲ, ಅದಕ್ಕೆ ಟ್ರೇಡ್‌ಮಾರ್ಕ್ ಎನ್ನುತ್ತಾರೆ ಎಂದು ಅವಳಿಗೆ ಹೇಳಿದವಳು ನಾನೇ. ಪಿಯುಸಿ ಎರಡನೆಯ ವರ್ಷದಲ್ಲಿದ್ದೆ, ಎಲ್ಲ ಬಲ್ಲೆನೆಂಬ ವಯಸ್ಸು. ಅಪ್ಪ ಬೆಳಗಾವಿಯ ಏಜೆಂಟನೊಬ್ಬನಿಂದ ಅರ್ಜಿ ತಂದ. ಒಂದು ಸೋಮವಾರ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಾವು ಮೂವರೂ ಕುಳಿತೆವು. ಅತ್ತೆ ಮಿಂದು ಹೊಸ ಸೀರೆ ಉಟ್ಟು ಬಂದಿದ್ದಳು. ಅರ್ಜಿಗೆ ವಿಭೂತಿ ಹಚ್ಚಿದಳು.

"ಅತ್ತಿ, ಇಲ್ಲಿ ಅರ್ಜಿದಾರರ ಹೆಸರು ಅಂತ ಐತಿ. ಯಾರದು ಬರೀಲಿ?" ಎಂದೆ.

"ಮೊದಲ ಅಣ್ಣಂದು ಬರಿ. ಅವನ ಕೈಗುಣ ಚೊಲೋ. ಆಮ್ಯಾಲ ನಂದು ಹಾಕು."

ಗುಡಿಯ ವಂತಿಗೆ ಪಟ್ಟಿಯಲ್ಲಿ ಮೊದಲು ದೊಡ್ಡವರ ಹೆಸರು ಬರೆದು ಕೆಳಗೆ ನಮ್ಮದು ಬರೆಯುತ್ತೇವಲ್ಲ, ಅವಳ ತಲೆಯಲ್ಲಿ ಅದೇ ಇತ್ತು. ನಾನು ಅಪ್ಪನ ಹೆಸರನ್ನು ದುಂಡಗೆ ಬರೆದೆ. ಬರೆದು ನೋಡಿದರೆ ಇನ್ನೊಂದು ಹೆಸರಿಗೆ ಜಾಗವೇ ಇಲ್ಲ. "ಅತ್ತಿ, ನಿಂದು ಬರಿಯಾಕ ಜಾಗಾ ಇಲ್ಲ" ಎಂದೆ.

"ಇರಲಿ ಬಿಡ, ಅಣ್ಣಂದಾದರೇನು ನಂದಾದರೇನು. ಒಂದ ಹೊಟ್ಟ್ಯಾಗ ಹುಟ್ಟೇವಿ."

ಅಪ್ಪ ಸಹಿ ಮಾಡಿದ. ಅತ್ತೆ ಎಲ್ಲರಿಗೂ ಸಕ್ಕರೆ ಹಂಚಿದಳು. ಎಲ್ಲ ಬಲ್ಲ ನಾನು ಏನು ಬಲ್ಲೆ? ಹೊಸ ಹಾಳೆ ತರಿಸೋಣ ಎನ್ನುವಷ್ಟು ಬುದ್ಧಿಯೂ ಬರಲಿಲ್ಲ. ಆ ದಿನವನ್ನು ನೆನೆದರೆ ಈಗಲೂ ನನ್ನ ಕೈಗೇ ನಾನು ಹೊಡೆದುಕೊಳ್ಳಬೇಕೆನಿಸುತ್ತದೆ.

ಅರ್ಜಿ ಬೆಳಗಾವಿಯಿಂದ ಮದ್ರಾಸಿಗೆ ಹೋಯಿತು. ಹೋದದ್ದು ಏಳು ವರ್ಷ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ನನ್ನನ್ನು ಸವದತ್ತಿಗೆ ಕೊಟ್ಟರು. ಎರಡು ಸಾವಿರದ ಮೂರರಲ್ಲಿ ಪ್ರಮಾಣಪತ್ರ ಬಂತು, ಅದೂ ಅಪ್ಪನ ಅಂಗಡಿಗೆ, ಅಪ್ಪನ ಹೆಸರಿಗೆ. ಅಪ್ಪ ಅದನ್ನು ಯಾರಿಗೂ ತೋರಿಸಲಿಲ್ಲ. ಹುಬ್ಬಳ್ಳಿಯ ಒಂದು ಫ್ಯಾಕ್ಟರಿಯವರು ಅವನ ಅಂಗಡಿಗೆ ಬಂದು ಹೋಗುವುದನ್ನು ನಮ್ಮವ್ವ ನೋಡಿದ್ದಳು. ಗೊಬ್ಬರದ ಚೀಲದ ವ್ಯವಹಾರವಿರಬೇಕು ಎಂದುಕೊಂಡಿದ್ದಳಂತೆ.

ಮರುವರ್ಷದ ಪಂಚಮಿ. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು, ಅರವತ್ತು ವರ್ಷದವಳಾದರೂ ಅಣ್ಣ ತಮ್ಮಂದಿರು ಕರೆಯಲು ಹೋಗಬೇಕು. ನಾನು ಸವದತ್ತಿಯಿಂದ ಬಂದಿದ್ದೆ, ಅತ್ತೆ ನೇಸರಗಿಯಿಂದ ಬಂದಿದ್ದಳು. ಅಳ್ಳು, ಶೇಂಗಾ ಉಂಡಿ, ತಂಬಿಟ್ಟು ಪಡಸಾಲೆಯ ತುಂಬ. ಅಪ್ಪ ಗೋಡೆಗೆ ಒರಗಿ ಉಂಡಿ ತಿನ್ನುತ್ತಿದ್ದ. ಅತ್ತೆ ಕೈಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ಹಿಡಿದಳು.

"ಶೈಲಾ, ನಾಕ ದಿನ ಆತು ಇದು ಬಂದು. ಇಂಗ್ಲಿಷ್‌ನ್ಯಾಗ ಐತಿ. ನಿಮ್ಮ ಮಾವಗ ತಿಳೀಲಿಲ್ಲ. ಹೆಂಗೂ ಅಣ್ಣನ ಮನಿಗೆ ಹೊಂಟೇನಲ್ಲ, ಅಲ್ಲೇ ಓದಸೂಣು ಅಂತ ತಂದೆ. ಬ್ಯಾಂಕಿನವರದು ಇರಬೇಕ ನೋಡು."

ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಹುಬ್ಬಳ್ಳಿಯ ವಕೀಲರ ನೋಟೀಸು. ನನ್ನ ಕಕ್ಷಿದಾರರಾದ, ಬೈಲಹೊಂಗಲದ ಶ್ರೀ ಮಹಾದೇವಪ್ಪ ಇವರ ನೋಂದಾಯಿತ ಗುರುತಾದ ಕೆಂಪೆಳೆಯನ್ನು ನೀವು ಅಕ್ರಮವಾಗಿ ಬಳಸುತ್ತಿದ್ದೀರಿ, ಹದಿನೈದು ದಿನದೊಳಗೆ ನಿಲ್ಲಿಸತಕ್ಕದ್ದು, ಇಲ್ಲವಾದರೆ ಕೋರ್ಟು. ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ. ಅವನು ಲಕೋಟೆಯ ಮೇಲಿನ ವಕೀಲರ ಹೆಸರನ್ನು ಆಗಲೇ ಗುರುತು ಹಿಡಿದಿದ್ದ. ಕೈಯೊಳಗಿನ ಉಂಡಿಯನ್ನು ತಟ್ಟೆಗಿಟ್ಟು ಕೈತೊಳೆಯಲು ಎದ್ದ.

"ಅಪ್ಪಾ, ಎಲ್ಲಿ ಹೊಂಟಿ? ಕುಂದ್ರು. ಓದತೇನಿ" ಎಂದೆ. ಒಂದೊಂದು ಸಾಲನ್ನೂ ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ.

ಮುಗಿದ ಮೇಲೆ ಅತ್ತೆ ಅಪ್ಪನ ಕಡೆ ತಿರುಗಿ, "ಖರೇನ ಅಣ್ಣಾ?" ಎಂದಳು.

"ಅದು ಕಾಯ್ದೆ ಪ್ರಕಾರ ಕಳಸಬೇಕಾಗತೈತವಾ ತಂಗಿ. ಫ್ಯಾಕ್ಟರಿಯವರು ಕಳಸಿದ್ದು, ನಂದೇನಿಲ್ಲ. ಗುರುತು ಬಳಸಾಕ ಅವರಿಗೆ ಕೊಟ್ಟೇನಿ, ಇನ್ನ ಮ್ಯಾಲ ಅವರು ದೊಡ್ಡ ಪ್ರಮಾಣದಾಗ ಮಾಡತಾರ. ಒಂದ ಗುರುತಿನ ಮಾಲು ಇಬ್ಬರು ಮಾಡಬಾರದಂತ. ನಿನ್ನ ನಾ ನಡುನೀರಾಗ ಬಿಡತೇನೇನು? ನಮ್ಮ ಅಂಗಡ್ಯಾಗ ಬಂದು ಕುಂದ್ರು, ಪಗಾರ ಕೊಡತೇನಿ."

ಪಗಾರ! ಗುರವ್ವನಿಗೆ ಪಗಾರ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಅಪ್ಪನಿಗೆ ಆಡಬಾರದ ಮಾತೆಲ್ಲ ಆಡಿದೆ. ನಮ್ಮವ್ವ ನನ್ನ ಬಾಯಿ ಮುಚ್ಚಲು ಬಂದಳು. ಅತ್ತೆ ಮಾತ್ರ ಚೀಲ ಹಿಡಿದು ಎದ್ದಳು, ಊಟಕ್ಕೂ ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ. ಬಸ್ಸು ಬರುವ ತನಕ ಅವಳು ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಿದಳು.

"ನನಗ ಬ್ಯಾರೆ ಏನೂ ಬ್ಯಾಡ ಶೈಲಾ. ಅದು ಗುರವ್ವನ ಎಳಿ ಅಂತ ಒಂದ ಹಾಳಿ ಮ್ಯಾಲ ಬರದಕೊಡಲಿ. ಅಷ್ಟ ಸಾಕು."

ಅವಳು ಕೆಂಪೆಳೆ ಹಾಕುವುದನ್ನು ಬಿಡಲಿಲ್ಲ. ಬೆಳಗಾವಿಯ ಕೋರ್ಟಿನಲ್ಲಿ ಅಪ್ಪನ ಹೆಸರಲ್ಲಿ ಅವಳ ಮೇಲೆ ದಾವೆ ಬಿತ್ತು. ಮಡಿವಾಳೆಪ್ಪ ಮಾವ ಬೈಲಹೊಂಗಲದ ಬಸವಲಿಂಗ ವಕೀಲರನ್ನು ಹಿಡಿದ. ಒಂದು ಮಧ್ಯಾಹ್ನ ಇಬ್ಬರೂ ಸವದತ್ತಿಗೆ ನನ್ನ ಮನೆಗೆ ಬಂದರು. ಅತ್ತೆ ಬಂದಿರಲಿಲ್ಲ, ಕೆಲಸವಿತ್ತಂತೆ.

"ನೋಂದಣಿ ಯಾರ ಹೆಸರಲ್ಲೇ ಇರಲಿ, ಅವರಕಿಂತ ಮೊದಲಿಂದ ಬಳಸಿದವರನ್ನ ಕಾಯ್ದೆ ಕೈ ಬಿಡೂದಿಲ್ರಿ" ಎಂದರು ವಕೀಲರು. "ಆದರ ಸಾಬೀತ ಮಾಡಬೇಕಲ್ಲ? ನಿಮ್ಮ ಅತ್ತಿಯವರು ಸಂತ್ಯಾಗ ಮಾರಿದವರು, ಒಂದ ಪಾವತಿ ಚೀಟಿ ಇಲ್ಲ. ಊರ ಮಂದಿ ಅಣ್ಣ ತಂಗಿ ಜಗಳದಾಗ ನಾವ್ಯಾಕ ಅಂತಾರ. ಅರ್ಜಿ ಬರದವರು ನೀವು. ಯಾರ ಗುರುತು, ಯಾಕ ನಿಮ್ಮ ತಂದಿ ಹೆಸರು ಬಂತು, ಅದನ್ನ ಕಣ್ಣಲೆ ಕಂಡವರು ನೀವೊಬ್ಬರ."

ಮಾವ ನನ್ನ ಮುಖ ನೋಡಲಾರದೆ, "ನಿನ್ನ ಮ್ಯಾಲ ಐತಿ ನೋಡವಾ" ಎಂದ.

ನನ್ನ ಗಂಡ ಆ ದಿನ ಹೇಳಿದ ಮಾತು ಸರಿಯಾಗಿಯೇ ಇತ್ತು. "ಅಪ್ಪನ ಎದುರು ಸಾಕ್ಷಿ ಹೇಳಿದರ ತವರು ಬಾಗಲಾ ಮುಚ್ಚತೈತಿ. ಪಂಚಮಿಗೆ ಕರಿಯಾಕ ಯಾರೂ ಬರೂದಿಲ್ಲ. ಅಳಬಾರದ ಮತ್ತ, ಈಗ ವಿಚಾರ ಮಾಡು." ನಾನು ವಿಚಾರ ಮಾಡಲಿಲ್ಲ. ಅತ್ತೆಯ ಕಿತ್ತ ಅಂಗೈ ಕಣ್ಣ ಮುಂದಿತ್ತು, ನನ್ನ ದುಂಡನೆಯ ಅಕ್ಷರವೂ ಇತ್ತು. ಹೋದೆ.

ಕಟಕಟೆ ಹತ್ತಿದೆ. ಅಪ್ಪ ಎದುರಿನ ಬೆಂಚಿನಲ್ಲಿ ಬಿಳಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನ ಪರ ವಕೀಲ ಮೊದಲು ಕೇಳಿದ್ದು ಹಗ್ಗದ ಮಾತಲ್ಲ. ನಿಮ್ಮನ್ನು ಓದಿಸಿದವರು ಯಾರು, ಮದುವೆ ಮಾಡಿದವರು ಯಾರು, ಬಾಣಂತನ ಎಲ್ಲಿ ಆಯಿತು ಎಂದು ಒಂದೊಂದೇ ಕೇಳಿದ. ಎಲ್ಲದಕ್ಕೂ "ನಮ್ಮಪ್ಪ", "ನಮ್ಮಪ್ಪ" ಎನ್ನಬೇಕಾಯಿತು. ಕೊನೆಗೆ ಬಸವಲಿಂಗ ವಕೀಲರು ಅರ್ಜಿಯ ನಕಲು ತೋರಿಸಿ ಇದು ಯಾರ ಗುರುತು ಎಂದಾಗ, "ನಮ್ಮ ಅತ್ತಿದು. ಅಪ್ಪನ ಕೈಗುಣ ಚೊಲೋ ಅಂತ ಅವನ ಹೆಸರು ಬರೆಸಿದಳು. ಬರೆದವಳು ನಾನು" ಎಂದೆ. ಕೋರ್ಟಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು.

ಹೊರಗೆ ಬೇವಿನ ಗಿಡದ ಕೆಳಗೆ ಅಪ್ಪ ನನಗೆ ಕಾದಿದ್ದ. "ನನ್ನ ಹೊಟ್ಟ್ಯಾಗ ಮಗಳು ಹುಟ್ಟಿದ್ದಿಲ್ಲ ಅಂತ ತಿಳಕೊಂತೇನಿ" ಎಂದ. ಬೈಯಲಿಲ್ಲ, ಕೂಗಲಿಲ್ಲ. ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಹೇಳಿದಂತೆಯೇ ನಡೆದುಕೊಂಡ. ದೀಪಾವಳಿಗೆ ಕರೆ ಬರಲಿಲ್ಲ. ನನ್ನ ತಮ್ಮನ ಮದುವೆಯ ಕಾರ್ಡು ನನ್ನ ಓಣಿಯಲ್ಲಿ ಮೂರು ಮನೆಗೆ ಬಂತು, ನನಗೆ ಬರಲಿಲ್ಲ. ಅಕ್ಷತೆಯ ಹೊತ್ತಿಗೆ ನಾನು ಅಡಿಗೆಮನೆಯಲ್ಲಿ ಬೇಳೆ ಆರಿಸುತ್ತ ಕುಳಿತಿದ್ದೆ. ಮಗಳು ಕೇಳಿದಳು, ಅಜ್ಜನ ಮನೆಗೆ ಯಾಕೆ ಹೋಗುವುದಿಲ್ಲ ಎಂದು. ಸುಮ್ಮನೆ ಕುಂದ್ರು ಎಂದು ಅವಳ ಮೇಲೇ ಹರಿಹಾಯ್ದೆ. ಆದರೂ ಒಳಗೆ ಒಂದು ಸಮಾಧಾನವಿತ್ತು. ಕೇಸು ಅತ್ತೆಯ ಕಡೆ ವಾಲಿದೆ, ನಿಮ್ಮ ಸಾಕ್ಷಿಯೊಂದೇ ಸಾಕಾಯಿತು ಎಂದು ಬಸವಲಿಂಗ ವಕೀಲರು ಫೋನಿನಲ್ಲಿ ಹೇಳಿದ್ದರು. ಇಷ್ಟೆಲ್ಲ ಕಳೆದುಕೊಂಡದ್ದಕ್ಕೆ ಗುರವ್ವತ್ತೆಗೆ ಅವಳ ಎಳೆ ದಕ್ಕುತ್ತದಲ್ಲ, ಸಾಕು ಎಂದುಕೊಂಡೆ.

ಎರಡು ಸಾವಿರದ ಆರರ ಶ್ರಾವಣ. ಪಂಚಮಿ ಆಗಿ ಹತ್ತು ದಿನವಾಗಿತ್ತು. ತೀರ್ಪು ಯಾವಾಗ ಎಂದು ಕೇಳಲು ವಕೀಲರಿಗೆ ಫೋನು ಮಾಡಿದೆ.

"ನಿಮಗ ಗೊತ್ತಿಲ್ಲೇನ್ರಿ?" ಎಂದರು. "ರಾಜಿ ಮಾಡಿಕೊಂಡಾರಲ್ಲ. ನಿಮ್ಮ ಅತ್ತಿಯವರು ಬಂದು ಸಹಿ ಮಾಡಿ ಹೋದರು. ಬ್ಯಾಡ್ರಿ, ಗೆಲ್ಲೂ ಕೇಸು ಅಂತ ನಾ ಎಷ್ಟ ಹೇಳಿದೆ."

ಮರುದಿನ ಮುಂಜಾನೆಯ ಬಸ್ಸಿಗೆ ನೇಸರಗಿಗೆ ಹೋದೆ. ಶೆಡ್ಡಿನಲ್ಲಿ ಯಂತ್ರ ನಡೆದಿತ್ತು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಹೊಸದು. ನನ್ನನ್ನು ಕಂಡು ಯಂತ್ರ ನಿಲ್ಲಿಸಿ, "ಬಾ ಶೈಲಾ, ಬಾ ನನ್ನವ್ವಾ" ಎಂದು ನಕ್ಕು ಎದ್ದಳು. ಅಷ್ಟು ಹಗುರಾದ ಮುಖ ಎರಡು ವರ್ಷದಿಂದ ನಾನು ಕಂಡಿರಲಿಲ್ಲ.

ಕೇಳುವ ಮೊದಲೇ ಎಲ್ಲ ಹೇಳಿದಳು. ಪಂಚಮಿಯ ಮುನ್ನಾ ದಿನ ಅಣ್ಣನೇ ಬಂದಿದ್ದನಂತೆ. ಇದೇ ಕಟ್ಟೆಯ ಮೇಲೆ ಕುಳಿತು ಹುಡುಗನಂತೆ ಅತ್ತನಂತೆ. "ತಂಗಿ, ಎರಡ ವರ್ಷ ಆತು, ನೀ ಬರಲಾರದ ಮನಿ ಮನಿ ಅನಸವಲ್ತು" ಎಂದನಂತೆ. ಇವಳು ಅವನ ಹಿಂದೆಯೇ ಹೋದಳು. ನಮ್ಮವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಐದು ಎಲೆ, ಅಡಿಕೆ, ಕುಬಸದ ಕಣ, ಎಲ್ಲದರ ಮೇಲೆ ಮಡಚಿದ ಒಂದು ಕಾಗದ.

"ಸ್ಟಾಂಪ್ ಪೇಪರ ಮ್ಯಾಲ ಬರಸ್ಯಾನ ಅಣ್ಣ. ನೀನೂ ಓದು" ಎಂದು ದೇವರ ಜಗುಲಿಯಿಂದ ತಂದುಕೊಟ್ಟಳು. ಅದಕ್ಕೆ ಅರಿಶಿನ ಹತ್ತಿತ್ತು.

ಓದಿದೆ. ಕನ್ನಡದಲ್ಲೇ ಇತ್ತು. ಸದರಿ ಕೆಂಪೆಳೆಯ ಗುರುತು ಮಹಾದೇವಪ್ಪನ ಸ್ವಂತದ್ದು. ಅದರ ಮೇಲೆ ಬೇರೆ ಯಾರಿಗೂ ಹಕ್ಕಿರುವುದಿಲ್ಲ. ತಂಗಿಯ ಮೇಲಿನ ಪ್ರೀತಿಯಿಂದ, ಅವಳು ಬದುಕಿರುವವರೆಗೆ, ನೇಸರಗಿಯ ಸಂತೆಯಲ್ಲಿ ಮಾತ್ರ ಮಾರಲು ಅವಳಿಗೆ ಅನುಮತಿ ಕೊಡಲಾಗಿದೆ. ಕೆಳಗೆ ಅತ್ತೆಯ ಸಹಿ, ನಾಲ್ಕನೆಯ ಇಯತ್ತೆಯ ಸೊಟ್ಟ ಅಕ್ಷರ.

"ಅತ್ತಿ, ಇದನ್ನ ಓದಿ ಸಹಿ ಮಾಡಿದ್ಯಾ?"

"ಓದೇನಿ. ಕನ್ನಡ ಓದಾಕ ಬರತೈತಲ್ಲ ನನಗ."

"ಕಿತ್ತೂರು ಹೋತು, ಸವದತ್ತಿ ಹೋತು, ರಾಮದುರ್ಗ ಹೋತು. ಅದು ನಿಂದ ಇತ್ತಲ್ಲ ಅತ್ತಿ! ನಿಂದನ್ನ ನಿನಗ ದಾನ ಕೊಟ್ಟಾನ ಅಂವಾ!"

"ನಂದ ಇತ್ತವಾ, ಯಾರ ಇಲ್ಲಂದ್ರು? ಈಗ ಅಣ್ಣ ಉಡಿಯಾಗ ಹಾಕಿದಾನ. ಉಡಿಯಾಗ ಹಾಕಿದ್ದನ್ನ ತೂಕ ಮಾಡತಾರೇನ ಹುಚ್ಚಿ? ಎಳಿ ಇರತೈತಿ, ಹೋಗತೈತಿ. ತವರು ಹ್ವಾದರ ಎಲ್ಲಿಂದ ತರಲಿ?"

ಅವಳ ಹೊಸ ಸೀರೆಯನ್ನೇ ನೋಡುತ್ತ ಕೇಳಿದೆ. "ಪಂಚಮಿಗೆ ಹೋಗಿದ್ದ್ಯಲ್ಲ, ನನ್ನ ಮಾತು ಬಂತೇನು ಅಲ್ಲೆ?"

"ನಿಮ್ಮವ್ವ ಕಣ್ಣಾಗ ನೀರು ತಂದಳು. ಅಣ್ಣಗ ಇನ್ನಾ ಸಿಟ್ಟೈತಿ. ಕೋರ್ಟಿನ್ಯಾಗ ಅಷ್ಟ ಮಂದ್ಯಾಗ ಮಾನಾ ಕಳದ್ಲು ಅಂತಾನ."

"ನೀ ಏನಂದಿ?"

"ನಾ ಏನಂತ ಹೇಳಲಿ? ಆಗಷ್ಟ ಕೂಡೇವಿ. ಮತ್ತ ಬಾಯಿ ತಗದರ ಕೆಡತೈತಿ ಅಂತ ಸುಮ್ಮ ಕುಂತೆ."

"ಅತ್ತಿ, ನಾ ನಿನ್ನ ಸಲುವಾಗಿ ತವರು ಬಿಟ್ಟೆ" ಎಂದೆ. ಇದನ್ನು ನನ್ನ ಬಾಯಿಂದ ಹೇಳಬಾರದು ಎಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ.

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿದ್ದ ಮಡಿಕೆಗೇ ಮಡಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮುಖದಲ್ಲಿ ಕಪಟವೂ ಇರಲಿಲ್ಲ.

"ನಾ ನಿನಗ ಸಾಕ್ಷಿ ಹೇಳು ಅಂತ ಅಂದಿದ್ದೆನೇನು ಶೈಲಾ?"

ನೆನಪು ಮಾಡಿಕೊಂಡೆ. ವಕೀಲರು ಕೇಳಿದ್ದರು. ಮಾವ ಕೇಳಿದ್ದ. ಅವಳು ಕೇಳಿರಲಿಲ್ಲ.